ಯಾವ ಓಣಿಗೆ ಡಾಕ್ಟರ್ ಜಾಸ್ತಿ ಬೇಕು ಅಂತ ಅಂಕಿ-ಅಂಶದಿಂದ ಹೇಳೋದು ಹೇಗೆ? (ಹುಬ್ಬಳ್ಳಿ-ಧಾರವಾಡ)

ನವನಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ತೆಗೆದುಕೊಂಡ ವಿಷಯ ಇದು: ಅವಳಿ ನಗರದ ಯಾವ ವಾರ್ಡ್‌ಗಳಲ್ಲಿ ಫ್ಯಾಮಿಲಿ ಡಾಕ್ಟರ್ ಸೇವೆ ಜಾಸ್ತಿ ಬೇಕು, ಅದನ್ನು ಆ ವಾರ್ಡ್ ಎಷ್ಟು ಹಿಂದುಳಿದಿದೆ ಅನ್ನೋ ಅಳತೆಯಿಂದ ಹೇಳೋಕೆ ಆಗುತ್ತಾ ಅಂತ. ಐಸಿಯು, ದೊಡ್ಡ ಆಪರೇಷನ್ ವಿಷಯ ಅಲ್ಲ. ಜ್ವರ, ಬಿಪಿ, ಶುಗರ್, ಮಗುವಿನ ಕೆಮ್ಮು, ಮೊಣಕಾಲು ನೋವು, ಇಂಥದ್ದಕ್ಕೆ ಜನ ಮೊದಲು ಹೋಗಿ ಕೂರುವ ಡಾಕ್ಟರ್ ಬಗ್ಗೆ.

ಸರ್ಕಾರದ ಲೆಕ್ಕ ನೋಡಿದರೆ ಬರೀ ತಲೆ ಎಣಿಕೆ. ಹಳ್ಳಿ ಕಡೆ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದಲ್ಲಿ 50,000ಕ್ಕೆ ಒಂದು. 2022ರ ಡಿಸೆಂಬರ್‌ನಲ್ಲಿ ನಮ್ಮ ಹುಬ್ಬಳ್ಳಿಯಲ್ಲೇ ಉದ್ಘಾಟನೆ ಆದ ಸರ್ಕಾರದ ‘ನಮ್ಮ ಕ್ಲಿನಿಕ್’ ಯೋಜನೆಯಲ್ಲಿ 10ರಿಂದ 20 ಸಾವಿರ ಜನಕ್ಕೆ ಒಂದು. ಆದರೆ ಅನುಕೂಲಸ್ಥರ ವಿದ್ಯಾನಗರದ 10 ಸಾವಿರವೂ ಬಡವರು ಜಾಸ್ತಿ ಇರುವ ಮಂಟೂರ ರಸ್ತೆ ಕಡೆಯ 10 ಸಾವಿರವೂ ಒಂದೇ ಹೇಗೆ ಆಗುತ್ತೆ?

ಒಂದು ಜಾಗ ಎಷ್ಟು ಹಿಂದುಳಿದಿದೆ ಅಂತ ಅಳೆಯುವ ಇಂಗ್ಲೆಂಡಿನ ಟೌನ್‌ಸೆಂಡ್ ಸೂಚ್ಯಂಕ ಸುಲಭ ಅಂತ ಗೈಡ್ ಹೇಳಿದರು, ಬರೀ ನಾಲ್ಕು ಅಂಶ. ಆದರೆ ಅದನ್ನು ಇಲ್ಲಿಗೆ ಹಾಕಿದರೆ ಬಾಡಿಗೆ ಮನೆ ಜಾಸ್ತಿ ಇರುವ ಒಳ್ಳೊಳ್ಳೆ ಬಡಾವಣೆಗಳೂ ಹಿಂದುಳಿದ ಪಟ್ಟಿಗೆ ಬರುತ್ತವೆ. ಯಾವ ಸೂಚಕ ಇಟ್ಟುಕೊಳ್ಳಲಿ, ಯಾವುದಕ್ಕೆ ಎಷ್ಟು ತೂಕ ಕೊಡಲಿ? ಕೊನೆಗೆ ಬಂದ ಉತ್ತರ ಸರಿ ಇದೆಯಾ ಅಂತ ಕ್ಲಿನಿಕ್‌ಗಳ ಒಪಿಡಿ (ಹೊರರೋಗಿ) ರಿಜಿಸ್ಟರ್ ಜೊತೆ ತಾಳೆ ನೋಡಿದರೆ ಸಾಕಾ?

---

ಲೆಕ್ಕದ ಮೇಷ್ಟ್ರು:

ತಂಗಿ, ಟೌನ್‌ಸೆಂಡ್ ಬಿಟ್ಟುಬಿಡು. ಅದು 1980ರ ದಶಕದ ಇಂಗ್ಲೆಂಡ್ ನೋಡಿ ಮಾಡಿದ್ದು. ಕೆಲಸ ಇಲ್ಲದವರು, ಕಾರಿಲ್ಲದ ಮನೆ, ಸ್ವಂತದ್ದಲ್ಲದ ಮನೆ, ಕೋಣೆಗೆ ಒಬ್ಬರಿಗಿಂತ ಜಾಸ್ತಿ ಜನ, ಇಷ್ಟೇ ಅದರ ಬಂಡವಾಳ. ಒಂದೊಂದನ್ನೇ ನಮ್ಮೂರಿಗೆ ಇಟ್ಟು ನೋಡು. ಕಾರಿಲ್ಲದ ಮನೆ ಅಂದರೆ ಇಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಊರು ಬಂತು, ಅದರಿಂದ ಬಡವರು ಯಾರು, ಇದ್ದವರು ಯಾರು ಅಂತ ಬೇರೆ ಆಗೋದೇ ಇಲ್ಲ. ಸ್ವಂತ ಮನೆ ಅಂತೀಯಾ, ತಗಡಿನ ಗುಡಿಸಲು ಹಾಕಿಕೊಂಡವನದ್ದೂ ಸ್ವಂತ ಮನೆ, ಗೋಕುಲ ರೋಡಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿರುವ ಬ್ಯಾಂಕ್ ಮ್ಯಾನೇಜರ್ ಬಾಡಿಗೆದಾರ. ನಿನಗೆ ಉಲ್ಟಾ ಉತ್ತರ ಬಂದಿದ್ದು ಅದಕ್ಕೇ. ಇನ್ನು ನಿರುದ್ಯೋಗ. ಬಡವನಿಗೆ ಸುಮ್ನೆ ಕೂರೋದು ಸಾಧ್ಯ ಇಲ್ಲ, ಏನೋ ಒಂದು ಕೆಲಸ ಮಾಡಿಯೇ ಮಾಡುತ್ತಾನೆ. ಕೆಲಸ ಇಲ್ಲ ಅಂತ ಬರೆಸುವವನು ಡಿಗ್ರಿ ಮಾಡಿ ಕೆಪಿಎಸ್‌ಸಿಗೆ ಓದುತ್ತಿರುವ ಹುಡುಗ. ಕೋಣೆ ಲೆಕ್ಕ ಮಾತ್ರ ಇಲ್ಲಿಗೂ ಬರುತ್ತೆ, ಆದರೆ ಗೆರೆ ಬೇರೆ ಎಳೆಯಬೇಕು. ಕೋಣೆಗೆ ಒಬ್ಬರು ಅಂತ ಹಿಡಿದರೆ ನನ್ನ ಮನೆಯೂ ಇಕ್ಕಟ್ಟಿನ ಮನೆಯೇ. ಒಂದೇ ಕೋಣೆಯ ಮನೆಯಲ್ಲಿ ನಾಲ್ಕೈದು ಜನ ಅನ್ನೋ ಥರ ಏನಾದರೂ ಹಿಡಿ.

ಸ್ಕಾಟ್ಲೆಂಡ್‌ನಲ್ಲಿ ಕಾರ್‌ಸ್ಟೇರ್ಸ್ ಸೂಚ್ಯಂಕ ಮಾಡಿದವರು ಕೂಡ ಸ್ವಂತ ಮನೆ ಅನ್ನೋದನ್ನು ಸೇರಿಸಲಿಲ್ಲ. ಅಂದರೆ ಪಕ್ಕದ ದೇಶಕ್ಕೇ ಹಾಗೇ ಎತ್ತಿ ಹಾಕಲಿಲ್ಲ, ನಾವು ಯಾಕೆ ಹಾಕಬೇಕು.

ನಮಗೆ ಸಿಗುವುದು 2011ರ ಜನಗಣತಿ. ಹೊಸದು ಇನ್ನೂ ಕೈಗೆ ಬಂದಿಲ್ಲ. ಅದರಲ್ಲಿ ವಾರ್ಡ್ ಮಟ್ಟಕ್ಕೆ ಅಕ್ಷರಸ್ಥ ಹೆಣ್ಣುಮಕ್ಕಳು, 0-6 ವರ್ಷದ ಮಕ್ಕಳು, ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ಕೆಲಸ ಸಿಕ್ಕವರು, ಮನೆಯೊಳಗೆ ಶೌಚಾಲಯ, ಅಡುಗೆಗೆ ಏನು ಉರಿಸುತ್ತಾರೆ, ಟಿವಿ-ಫೋನ್-ಸೈಕಲ್-ಬೈಕ್ ಯಾವುದೂ ಇಲ್ಲದ ಮನೆ, ಇವೆಲ್ಲ ಸಿಗುತ್ತವೆ. ನಿರುದ್ಯೋಗದ ಜಾಗಕ್ಕೆ ಆ ಆರು ತಿಂಗಳ ಲೆಕ್ಕ ತಗೋ, ಕಾರಿನ ಜಾಗಕ್ಕೆ ಯಾವುದೂ ಇಲ್ಲದ ಮನೆ ತಗೋ. ನಳದ ಲೆಕ್ಕ ಮಾತ್ರ ನಂಬಬೇಡ. ಮನೆಯಲ್ಲಿ ನಳ ಇದೆಯಾ ಅಂತ ಕೇಳಿದ್ದಾರೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಕೇಳಿಲ್ಲ. ಹುಬ್ಬಳ್ಳಿಯಲ್ಲಿ ಈ ಎರಡಕ್ಕೂ ಎಷ್ಟು ದೂರ ಅಂತ ನಾನು ಹೇಳಬೇಕಾಗಿಲ್ಲ.

ಲೆಕ್ಕದ ಕೆಲಸ ಕಷ್ಟ ಇಲ್ಲ. ಪ್ರತಿ ಸೂಚಕದಲ್ಲೂ ವಾರ್ಡಿನ ಶೇಕಡಾವಾರು ತಗೊಂಡು, ಎಲ್ಲ ವಾರ್ಡಿನ ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿದರೆ ಝೆಡ್ ಸ್ಕೋರ್. ಆಮೇಲೆ ಕೂಡಿಸು. ಕೂಡಿಸುವ ಮುಂಚೆ ದಿಕ್ಕು ನೋಡಿಕೋ, ಅಕ್ಷರಸ್ಥರು ಜಾಸ್ತಿ ಇದ್ದರೆ ಒಳ್ಳೇದು, ಏನೂ ಇಲ್ಲದ ಮನೆ ಜಾಸ್ತಿ ಇದ್ದರೆ ಕೆಟ್ಟದ್ದು, ಅಲ್ವಾ. ಅದಕ್ಕೆ ಒಳ್ಳೇದನ್ನು ಹೇಳುವ ಸೂಚಕದ ಚಿಹ್ನೆ ತಿರುಗಿಸಿ ಕೂಡಿಸು.

ಇನ್ನೊಂದು ತೊಡಕು. 2011ರಲ್ಲಿ ಪಾಲಿಕೆಗೆ 67 ವಾರ್ಡ್, ಈಗ 82. ಹಳೇ ಅಂಕಿ ಹೊಸ ಗೆರೆಗೆ ಕೂರೋದಿಲ್ಲ. ಪ್ರಾಜೆಕ್ಟ್‌ಗೆ ಹಳೇ 67 ಇಟ್ಟುಕೊಂಡೇ ಮಾಡು.

---

ಓಣಿ ಡಾಕ್ಟ್ರು:

ಮೇಷ್ಟ್ರು ಹೇಳಿದ್ದು ಸರಿ. ಆದರೆ ಅವರು ಬಡತನ ಅಳೆಯೋದು ಹೇಗೆ ಅಂತ ಹೇಳಿದರು. ನೀವು ಕೇಳಿದ್ದು ಡಾಕ್ಟರ್ ಕೆಲಸ ಅಳೆಯೋದು. ಎರಡೂ ಹತ್ತಿರದ್ದೇ, ಒಂದೇ ಅಲ್ಲ.

ಲಂಡನ್ನಿನ ಬ್ರಯನ್ ಜಾರ್ಮನ್ ಅಂತ ಒಬ್ಬ ಜನರಲ್ ಪ್ರಾಕ್ಟಿಷನರ್. 1983ರಲ್ಲಿ ಅವರ ಲೇಖನ ಬಂತು. ಅವರು ಮಾಡಿದ್ದು ಏನಂದರೆ, ಡಾಕ್ಟರ್‌ಗಳನ್ನೇ ಕೇಳಿದರು, ಎಂಥ ಜನ ಜಾಸ್ತಿ ಇದ್ದರೆ ನಿಮ್ಮ ಕೆಲಸ ಹೆಚ್ಚಾಗುತ್ತೆ ಅಂತ. ಅದರಿಂದ ಎಂಟು ಅಂಶ ಬಂತು: ಒಂಟಿಯಾಗಿರುವ ಮುದುಕರು, ಐದು ವರ್ಷದೊಳಗಿನ ಮಕ್ಕಳು, ಒಬ್ಬರೇ ಪೋಷಕರಿರುವ ಮನೆ, ಕೂಲಿ ಕೆಲಸದವರು, ಕೆಲಸ ಇಲ್ಲದವರು, ಇಕ್ಕಟ್ಟಿನ ಮನೆ, ಒಂದು ವರ್ಷದೊಳಗೆ ಮನೆ ಬದಲಿಸಿದವರು, ವಲಸೆ ಬಂದ ಅಲ್ಪಸಂಖ್ಯಾತರು. ತೂಕವೂ ಡಾಕ್ಟರ್‌ಗಳು ಕೊಟ್ಟ ಅಂಕದಿಂದಲೇ. ಒಂಟಿ ಮುದುಕರಿಗೆ 6.62, ಎಲ್ಲಕ್ಕಿಂತ ಜಾಸ್ತಿ. ಮನೆ ಬದಲಿಸಿದವರಿಗೆ 2.68. ಅಲ್ಲಿನ ಸರ್ಕಾರ ಡಾಕ್ಟರ್‌ಗಳ ಜೊತೆ ಮಾಡಿಕೊಂಡ 1990ರ ಕರಾರಿನಿಂದ ಈ ಸ್ಕೋರ್ 30 ದಾಟಿದ ವಾರ್ಡಿನ ರೋಗಿಗಳಿಗೆ ಅಲ್ಲಿನ ಡಾಕ್ಟರ್‌ಗೆ ಸರ್ಕಾರ ಹೆಚ್ಚುವರಿ ಹಣ ಕೊಡೋಕೆ ಶುರು ಮಾಡಿತು.

ಒಂಟಿ ಮುದುಕರಿಗೆ ಅಷ್ಟು ತೂಕ ಯಾಕೆ ಅಂತ ನನ್ನ ಕ್ಲಿನಿಕ್‌ನಲ್ಲಿ ಕೂತರೆ ಗೊತ್ತಾಗುತ್ತೆ. ಗೋಕುಲ ರೋಡ್ ಕಡೆಯಿಂದ ಬರುವ ರೋಗಿ ಫೈಲ್ ಹಿಡಿದುಕೊಂಡು ಬರುತ್ತಾರೆ, ಮಗಳು ಪಕ್ಕದಲ್ಲಿ ಕೂತು ಎಲ್ಲಾ ಹೇಳುತ್ತಾಳೆ, ಐದು ನಿಮಿಷದಲ್ಲಿ ಮುಗಿಯುತ್ತೆ. ಅದೇ ಹೊತ್ತಿಗೆ ಹಿಂದಿನ ಓಣಿಯ ಒಬ್ಬ ಅಜ್ಜಿ. ಜರ್ದಾ ಚೀಲದಲ್ಲಿ ಖಾಲಿ ಸ್ಟ್ರಿಪ್‌ಗಳು, ಅದರಲ್ಲಿ ತೀರಿಹೋದ ಗಂಡನ ಗುಳಿಗೆಯೂ ಸೇರಿಕೊಂಡಿರುತ್ತೆ. ಬೆಳಿಗ್ಗೆ ಯಾವುದು ತಗೊಂಡೆ ಅಂದರೆ, ಬಿಳೀದು ಅಂತಾಳೆ. ಮೂರು ಬಿಳೀದು ಇವೆ. ಒಂದೊಂದೇ ಟೇಬಲ್ ಮೇಲೆ ಇಟ್ಟು, ಓದಿ, ಬೇಡದ್ದು ತೆಗೆದು, ಸಂಜೆಯದಕ್ಕೆ ಪೆನ್ನಿನಿಂದ ಗುರುತು ಹಾಕಿ, ಬಿಪಿ ನೋಡಿ, ಶುಗರ್ ಚೆಕ್ ಮಾಡಿಸಿಲ್ಲ ಅಂತ ಗೊತ್ತಾಗಿ, ಉಪವಾಸ ಬಾ ಅಂತ ಹೇಳಿದರೆ, ಯಾರ ಜೋಡಿ ಬರಲಿ ಅಂತ ಕೇಳುತ್ತಾಳೆ. ರಿಜಿಸ್ಟರ್‌ನಲ್ಲಿ ಇಬ್ಬರದ್ದೂ ಒಂದೊಂದೇ ಸಾಲು.

ಅದಕ್ಕೇ ಒಪಿಡಿ ರಿಜಿಸ್ಟರ್ ಜೊತೆ ತಾಳೆ ನೋಡಬೇಡಿ ಅಂತೀನಿ. ರಿಜಿಸ್ಟರ್ ಹೇಳೋದು ಯಾರು ಬಂದರು ಅಂತ. ಯಾರಿಗೆ ಬೇಕಿತ್ತು ಅಂತ ಅಲ್ಲ. ದಿನಗೂಲಿಯವನು ನನ್ನ ಹತ್ತಿರ ಬಂದರೆ ಅವತ್ತಿನ ಕೂಲಿ ಹೋಯಿತು. ಅವನು ಮೆಡಿಕಲ್ ಶಾಪ್‌ನಲ್ಲಿ ಎರಡು ಗುಳಿಗೆ ಕೇಳಿ ನುಂಗಿ ಕೆಲಸಕ್ಕೆ ಹೋಗುತ್ತಾನೆ. ತೀರಾ ಹೆಚ್ಚಾದ ಮೇಲೆ ನೇರ ಕಿಮ್ಸ್ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾನೆ. ನಡುವೆ ನಾನು ಇಲ್ಲವೇ ಇಲ್ಲ. ವೇಲ್ಸ್‌ನ ಗಣಿ ಊರಿನಲ್ಲಿ ಡಾಕ್ಟರ್ ಆಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇದನ್ನೇ ಬರೆದರು. ಎಲ್ಲಿ ಹೆಚ್ಚು ಬೇಕೋ ಅಲ್ಲಿ ಒಳ್ಳೆಯ ವೈದ್ಯಸೇವೆ ಸಿಗೋದು ಕಡಿಮೆ ಅಂತ. ರಿಜಿಸ್ಟರ್ ನೋಡಿ ಅಗತ್ಯ ಅಳೆದರೆ ಡಾಕ್ಟರ್ ಇರುವ ಜಾಗಕ್ಕೇ ಇನ್ನೊಬ್ಬ ಡಾಕ್ಟರ್ ಬೇಕು ಅನ್ನೋ ಉತ್ತರ ಬರುತ್ತೆ.

---

ಲೆಕ್ಕದ ಮೇಷ್ಟ್ರು:

ಡಾಕ್ಟರ್ ಸಾಹೇಬರೇ, ಒಪ್ಪಿದೆ. ಆದರೆ ಜಾರ್ಮನ್ ತೂಕ ಡಾಕ್ಟರ್‌ಗಳ ಅಭಿಪ್ರಾಯ ಅಷ್ಟೇ. ಯಾರಿಂದ ಕೆಲಸ ಜಾಸ್ತಿ ಅಂತ ಅನಿಸುತ್ತೋ ಅದು, ನಿಜಕ್ಕೂ ಎಷ್ಟು ಕೆಲಸ ಅನ್ನೋದಲ್ಲ. ಮೇಲಾಗಿ ಅದು ಲಂಡನ್‌ಗೆ ಜಾಸ್ತಿ ಅನುಕೂಲ ಮಾಡಿತು ಅಂತ ಅಲ್ಲಿಯವರೇ ದೂರಿದರು. ವಯಸ್ಸು ಮತ್ತು ಬಡತನ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದಾರೆ ಅನ್ನೋದು ನನ್ನ ತಕರಾರು. ಆಮೇಲೆ ಅಲ್ಲಿನ ಫ್ಯಾಮಿಲಿ ಡಾಕ್ಟರ್‌ಗಳಿಗೆ ಹಣ ಹಂಚೋಕೆ 2004ರಲ್ಲಿ ಬಂದ ಕಾರ್-ಹಿಲ್ ಸೂತ್ರ ಅದನ್ನು ಬೇರೆ ಬೇರೆ ಮಾಡಿತು. ವಯಸ್ಸು-ಲಿಂಗಕ್ಕೆ ಒಂದು ಲೆಕ್ಕ, ದೀರ್ಘ ಕಾಯಿಲೆ ಮತ್ತು 65ರೊಳಗಿನ ಸಾವಿಗೆ ಇನ್ನೊಂದು, ಡಾಕ್ಟರ್ ಪಟ್ಟಿಗೆ ಹೊಸದಾಗಿ ಸೇರುವವರಿಗೆ, ಹಳ್ಳಿಗಾಡಿಗೆ ಬೇರೆ ಬೇರೆ. ಅಲ್ಲಿ ಇದೆಲ್ಲ ಆಗೋದು ಯಾಕೆಂದರೆ ಪ್ರತಿಯೊಬ್ಬನ ಹೆಸರೂ ಒಂದು ಪ್ರಾಕ್ಟೀಸ್‌ನ, ಅಂದರೆ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್‌ನ, ಪಟ್ಟಿಯಲ್ಲಿ ಇರುತ್ತೆ. ನಮ್ಮಲ್ಲಿ ಒಬ್ಬನೇ ಮನುಷ್ಯ ಸೋಮವಾರ ಓಣಿ ಡಾಕ್ಟರ್, ಬುಧವಾರ ನಮ್ಮ ಕ್ಲಿನಿಕ್, ಶುಕ್ರವಾರ ಕಿಮ್ಸ್. ಯಾರ ಪಟ್ಟಿಯಲ್ಲೂ ಇಲ್ಲ.

---

ಕೇಶ್ವಾಪುರ ಕಟ್ಟೆ:

ಇಷ್ಟೆಲ್ಲ ಯಾಕ್ರೀ, ಬಿಪಿಎಲ್ ಕಾರ್ಡ್ ಎಲ್ಲಿ ಜಾಸ್ತಿ ಅಂತ ನೋಡಿದರೆ ಮುಗೀತಲ್ಲ. ಆಹಾರ ಇಲಾಖೆ ಹತ್ತಿರ ರೇಷನ್ ಅಂಗಡಿವಾರು ಪಟ್ಟಿ ಇದ್ದೇ ಇದೆ.

---

ಮುಂಡರಗಿ ಕಡೆಯವ:

@ಕೇಶ್ವಾಪುರ ಕಟ್ಟೆ, ಅಣ್ಣಾ, ನಮ್ಮ ರಾಜ್ಯದಲ್ಲಿ ಬಹುಪಾಲು ಮನೆಗಳಲ್ಲಿ ಬಿಪಿಎಲ್ ಕಾರ್ಡ್ ಇದೆ. ಎಲ್ಲರ ಕೈಲೂ ಇರೋದನ್ನು ಹಿಡಿದು ಯಾರನ್ನು ಬೇರೆ ಮಾಡ್ತೀಯಾ? ಕಾರ್ ಇಟ್ಟುಕೊಂಡವರ ಹತ್ತಿರವೂ ಇದೆ, ಗುಳೆ ಹೋದವರದ್ದು ಎಷ್ಟೋ ಸಲ ರದ್ದಾಗಿದೆ.

ಅಕ್ಕಾ, ನಿಮ್ಮ ಪ್ರಾಜೆಕ್ಟ್ ನಗರದ್ದು ಅಂತ ಗೊತ್ತು. ಆದರೂ ಹಳ್ಳಿ ಕಡೆಯದು ಒಂದು ಮಾತು ಹೇಳುತ್ತೇನೆ, ನಿಮ್ಮ ಸೂಚ್ಯಂಕಕ್ಕೂ ಬೇಕಾಗುತ್ತೆ. ಕೆಲವು ವರ್ಷ ಗದಗ ಜಿಲ್ಲೆಯಲ್ಲಿ ಮನೆ ಮನೆ ಸರ್ವೆ ಕೆಲಸ ಮಾಡಿದ್ದೇನೆ. ಸುಗ್ಗಿ ಮುಗಿದ ಮೇಲೆ ತಾಂಡಾಗಳಿಗೆ ಹೋದರೆ ಸಾಲಾಗಿ ಬೀಗ. ದುಡಿಯುವವರೆಲ್ಲ ಗೋವಾ, ಮಂಗಳೂರು, ಬೆಂಗಳೂರು. ಉಳಿದವರು ಅಜ್ಜ, ಅಜ್ಜಿ, ಅವರ ಜೊತೆ ಎರಡು ಮೂರು ಮೊಮ್ಮಕ್ಕಳು. ಸರ್ವೆಗೆ ಬಂದವರು ಬೀಗ ಅಂತ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಈಗ ಡಾಕ್ಟರ್ ಸಾಹೇಬರ ಪಟ್ಟಿ ನೋಡಿ, ಒಂಟಿ ಮುದುಕರು, ಐದರೊಳಗಿನ ಮಕ್ಕಳು, ಎರಡೂ ಒಂದೇ ಗುಡಿಸಲಲ್ಲಿ. ಆದರೆ ಕಾಗದದ ಮೇಲೆ ಅದು ಆರು ಜನರ ತುಂಬು ಕುಟುಂಬ, ಅಜ್ಜಿ ಒಂಟಿ ಅಲ್ಲವೇ ಅಲ್ಲ.

ದೂರದ ಲೆಕ್ಕವೂ ಹಾಗೇ. ಜನಗಣತಿಯ ಗ್ರಾಮ ಮಾಹಿತಿಯಲ್ಲಿ ಆರೋಗ್ಯ ಕೇಂದ್ರ 5 ಕಿಲೋಮೀಟರ್ ಒಳಗೆ, 5ರಿಂದ 10, ಅದಕ್ಕಿಂತ ದೂರ ಅಂತ ಇರುತ್ತೆ. 7 ಕಿಲೋಮೀಟರ್ ಅಂದರೆ ಬೈಕ್ ಇದ್ದವನಿಗೆ ಕಾಲು ಗಂಟೆ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಇರುವ ಊರಿನವನಿಗೆ ಇಡೀ ದಿನ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹೀಗಾಗಿ ಹತ್ತಿರದ ಪ್ರಾಥಮಿಕ ಕೇಂದ್ರ ಬಿಟ್ಟು ನೇರ ಗದಗ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗುವವರನ್ನು ನಾನೇ ನೋಡಿದ್ದೇನೆ. ದುಡ್ಡಿನ ದೂರ ಕಡಿಮೆ ಆಯಿತು, ಆದರೆ ಬಸ್ ಬರಬೇಕಲ್ಲ.

ತಾಲ್ಲೂಕು ಮಟ್ಟದ್ದು ಬೇಕಿದ್ದರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ನೋಡಿ. 35 ಸೂಚಕ ಕೂಡಿಸಿ ಆಗಿನ 175 ತಾಲ್ಲೂಕಿನಲ್ಲಿ 114 ಹಿಂದುಳಿದವು ಅಂತ ಹೇಳಿದರು, ಅದರಲ್ಲೂ 39 ಅತ್ಯಂತ ಹಿಂದುಳಿದವು. ದೊಡ್ಡ ಕೆಲಸ. ಆದರೆ ಅದು ತಾಲ್ಲೂಕಿಗೆ ಎಷ್ಟು ಅನುದಾನ ಅಂತ ಹೇಳೋಕೆ, ಯಾವ ಊರಿಗೆ ಡಾಕ್ಟರ್ ಅಂತ ಹೇಳೋಕಲ್ಲ. ಒಂದೇ ತಾಲ್ಲೂಕಲ್ಲಿ ಹೊಳೆದಂಡೆಯ ಊರೂ ಇರುತ್ತೆ, ಮಳೆ ನಂಬಿದ ಎರೆಹೊಲದ ಊರೂ ಇರುತ್ತೆ.

---

ನವನಗರದವಳು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಬಳಸಬಹುದಾ ಅಂತಲೂ ಕೇಳಬೇಕು ಅಂತಿದ್ದೆ. 12 ಸೂಚಕ ಇವೆ, ಆರೋಗ್ಯವೂ ಸೇರಿದೆ. ಮತ್ತೆ ಮೇಷ್ಟ್ರೇ, ತೂಕ ಎಲ್ಲಕ್ಕೂ ಸಮ ಇಡಲಾ, ಇಲ್ಲಾ ಇಲ್ಲಿನ ಡಾಕ್ಟರ್‌ಗಳನ್ನೇ ಕೇಳಲಾ?

---

ಲೆಕ್ಕದ ಮೇಷ್ಟ್ರು:

ನೀತಿ ಆಯೋಗದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೇಲೆ ನಿಂತಿದೆ. ಆ ಸಮೀಕ್ಷೆಯ ಸ್ಯಾಂಪಲ್ ಜಿಲ್ಲೆಗಿಂತ ಕೆಳಗೆ ಇಳಿಯೋದಿಲ್ಲ. ಧಾರವಾಡ ಜಿಲ್ಲೆಗೆ ಒಂದು ಸಂಖ್ಯೆ ಸಿಗುತ್ತೆ, ಅದರಲ್ಲಿ ಕಲಘಟಗಿಯೂ ಬಂತು, ಕೇಶ್ವಾಪುರವೂ ಬಂತು. ನಿನಗೆ ಉಪಯೋಗ ಇಲ್ಲ.

ವಾರ್ಡ್ ಕೂಡ ದೊಡ್ಡದೇ ಅನ್ನೋದು ಗೊತ್ತಿರಲಿ. 9.43 ಲಕ್ಷ ಜನ, 67 ವಾರ್ಡ್. ಅಂದರೆ ವಾರ್ಡಿಗೆ 14 ಸಾವಿರ ಸರಾಸರಿ. ಇಂಗ್ಲೆಂಡ್ ಈಗ ಬಳಸುವ ಬಹು ಅಭಾವ ಸೂಚ್ಯಂಕ ಸುಮಾರು 1,500 ಜನರ ಸಣ್ಣ ಸಣ್ಣ ತುಂಡುಗಳ ಮೇಲೆ ಹಾಕಿದ್ದು. 14 ಸಾವಿರದ ಸರಾಸರಿಯಲ್ಲಿ ಒಂದು ನಾಲೆ ಪಕ್ಕದ ಕೊಳಗೇರಿ ಪೂರ್ತಿ ಮುಳುಗಿಹೋಗುತ್ತೆ. ಒಳ್ಳೇ ವಾರ್ಡಿನಲ್ಲಿರುವ ಬಡವನಿಗೆ ಏನೂ ಸಿಗೋದಿಲ್ಲ. ಜಾರ್ಮನ್ ಹಣದ ಮೇಲೂ ಇದೇ ಸಿಟ್ಟು ಇತ್ತು. ಹಿಂದುಳಿದ ಜಾಗದಲ್ಲಿರುವ ಎಲ್ಲರೂ ಬಡವರಲ್ಲ, ಬಡವರೆಲ್ಲ ಹಿಂದುಳಿದ ಜಾಗದಲ್ಲೂ ಇಲ್ಲ. ಇದನ್ನು ವರದಿಯಲ್ಲಿ ಮೊದಲೇ ಬರೆದುಬಿಡು, ವೈವಾದಲ್ಲಿ ಕೇಳೇ ಕೇಳುತ್ತಾರೆ.

ತೂಕದ ಬಗ್ಗೆ: ಎರಡೂ ಮಾಡು. ಒಮ್ಮೆ ಸಮ ತೂಕ, ಒಮ್ಮೆ ಡಾಕ್ಟರ್‌ಗಳು ಕೊಟ್ಟ ತೂಕ. ಎರಡರಲ್ಲೂ ಮೇಲಿನ ಹತ್ತು ವಾರ್ಡ್ ಹೆಚ್ಚು ಕಡಿಮೆ ಅವೇ ಬಂದರೆ ತೂಕದ ಜಗಳ ಬಿಟ್ಟುಬಿಡು. ಬೇರೆ ಬಂದರೆ ಯಾವ ವಾರ್ಡ್ ಜಿಗಿಯಿತು, ಯಾಕೆ ಅಂತ ಬರಿ, ನನ್ನ ಪ್ರಕಾರ ಪ್ರಾಜೆಕ್ಟಿನ ಒಳ್ಳೇ ಅಧ್ಯಾಯ ಅದೇ ಆಗುತ್ತೆ.

---

ಓಣಿ ಡಾಕ್ಟ್ರು:

ಡಾಕ್ಟರ್‌ಗಳನ್ನು ಕೇಳಿ, ಆದರೆ ನಮ್ಮನ್ನಷ್ಟೇ ಕೇಳಬೇಡಿ. ಆಶಾ ಕಾರ್ಯಕರ್ತೆಯರನ್ನೂ ಎಎನ್‌ಎಂ ನರ್ಸ್‌ಗಳನ್ನೂ ಕೇಳಿ. ನಮ್ಮ ಹತ್ತಿರ ಬಾರದವರ ಲೆಕ್ಕ ಅವರ ಹತ್ತಿರ ಇದೆ. ಯಾವ ಮನೆಯ ಬಾಣಂತಿ ತಪಾಸಣೆಗೆ ಹೋಗಲಿಲ್ಲ, ಯಾರು ಶುಗರ್ ಗುಳಿಗೆ ನಿಲ್ಲಿಸಿದರು, 30 ದಾಟಿದವರಲ್ಲಿ ಯಾರು ಬಿಪಿ ಚೆಕ್ ಮಾಡಿಸಿಲ್ಲ, ಎಲ್ಲ ಗೊತ್ತು. ನಿಮ್ಮ ಸೂಚ್ಯಂಕ ತಾಳೆ ನೋಡೋಕೆ ಒಪಿಡಿಗಿಂತ ಇದು ಎಷ್ಟೋ ಮೇಲು: ಹಿಂದುಳಿದ ವಾರ್ಡ್ ಅಂತ ಬಂದ ಕಡೆ ಅರ್ಧಕ್ಕೆ ಬಿಟ್ಟ ಚಿಕಿತ್ಸೆ, ತಪ್ಪಿಹೋದ ಲಸಿಕೆ ಜಾಸ್ತಿ ಇದೆಯಾ ಅಂತ ನೋಡಿ. ಹೆಸರು, ಮನೆ ನಂಬರ್ ತಗೋಬೇಡಿ, ಬರೀ ಎಣಿಕೆ ತಗೊಳ್ಳಿ, ಅದಕ್ಕೂ ತಾಲ್ಲೂಕು ಆರೋಗ್ಯಾಧಿಕಾರಿ ಅನುಮತಿ ಮತ್ತು ಕಾಲೇಜಿನ ಎಥಿಕ್ಸ್ ಕಮಿಟಿ ಪತ್ರ ಮೊದಲೇ ಮಾಡಿಸಿಕೊಳ್ಳಿ, ಅದಕ್ಕೇ ಟೈಮ್ ಹಿಡಿಯೋದು.

ಒಂಟಿ ಮುದುಕರ ಅಂಕಿ ವಾರ್ಡ್‌ವಾರು ಸಿಗೋದು ಕಷ್ಟ. ಸಂಧ್ಯಾ ಸುರಕ್ಷಾ, ವಿಧವಾ ವೇತನದ ಫಲಾನುಭವಿಗಳ ಎಣಿಕೆ ಕೇಳಿ ನೋಡಿ. ಪೂರ್ತಿ ಸರಿಯಲ್ಲ, ವೇತನ ಬರುವವರೆಲ್ಲ ಒಂಟಿ ಅಲ್ಲ, ಒಂಟಿ ಇರುವವರಿಗೆಲ್ಲ ವೇತನ ಬರೋದಿಲ್ಲ. ಏನೂ ಇಲ್ಲದ್ದಕ್ಕಿಂತ ವಾಸಿ.

---

ನವನಗರದವಳು:

ಸರ್, ಆಶಾ ಅಕ್ಕಂದಿರನ್ನು ಕೇಳುವ ಯೋಚನೆ ನನಗೆ ಹೊಳೆದೇ ಇರಲಿಲ್ಲ, ಇವತ್ತೇ ಗೈಡ್ ಹತ್ತಿರ ಮಾತಾಡುತ್ತೇನೆ. ಒಂದು ಕೊನೇ ಪ್ರಶ್ನೆ, ಹಳೇ 67 ವಾರ್ಡಿನ ಅಂಕಿ ಎಲ್ಲಿ ಸಿಗುತ್ತೆ? ಆಫೀಸಿಗೆ ಹೋದರೆ ನಾಳೆ ಬನ್ನಿ ಅಂತಾರೆ.

---

ಮುಂಡರಗಿ ಕಡೆಯವ:

ಆಫೀಸಿಗೆ ಯಾಕೆ ಅಲೀತೀರಿ ಅಕ್ಕಾ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಧಾರವಾಡ ಜಿಲ್ಲಾ ಜನಗಣತಿ ಕೈಪಿಡಿ 2011 ಅಂತ ಪಿಡಿಎಫ್ ಇದೆ, ಪುಕ್ಕಟೆ. ಎರಡು ಭಾಗ. ‘ಎ’ ಭಾಗದಲ್ಲಿ ಊರುಗಳ ಸೌಲಭ್ಯ, ‘ಬಿ’ ಭಾಗದಲ್ಲಿ ಊರುವಾರು ಮತ್ತು ನಗರದ ವಾರ್ಡ್‌ವಾರು ಅಂಕಿ. ಶೌಚಾಲಯ, ಬೈಕ್, ಉರುವಲು ಇವೆಲ್ಲ ಅದರಲ್ಲಿ ಇಲ್ಲ, ಮನೆಪಟ್ಟಿಯ ಕೋಷ್ಟಕ ಬೇರೆ ಎಕ್ಸೆಲ್ ಫೈಲ್, ಅದನ್ನೂ ಅಲ್ಲಿಂದಲೇ ಇಳಿಸಿಕೊಳ್ಳಿ. ಎರಡನ್ನೂ ವಾರ್ಡ್ ನಂಬರ್ ಮೇಲೆ ಜೋಡಿಸಿ, ಹೆಸರಿನ ಮೇಲೆ ಬೇಡ, ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ ಇರುತ್ತೆ.